ಮೊಟ್ಟೆಯ ಬಗ್ಗೆ ಅಂತಿಮ ವರದಿ

ನಮ್ಮೂರಿನಲ್ಲಿ ದರ್ಜಿಯಾಗಿರುವುದೆಂದರೆ ಹರಿಯುವ ನೀರಿಗೆ ಅಂಗಿ ಹೊಲಿದ ಹಾಗೆ. ಸೋಮವಾರ ಅಳತೆ ಕೊಟ್ಟು ಹೋದ ಮನುಷ್ಯ ಶನಿವಾರ ಅದೇ ಗಾತ್ರದಲ್ಲಿ ವಾಪಸು ಬರುತ್ತಾನೆಂಬ ಭರವಸೆ ಇಲ್ಲ. ನನ್ನ ಅಳತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಸೊಂಟಗಳಿವೆ. ಇದಕ್ಕೆಲ್ಲ ಕಾರಣ ನನ್ನ ಅಂಗಡಿಯ ಎದುರಿಗೇ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿರುವ ಕರಿ ಹಲಗೆ. ಪ್ರತಿ ಸೋಮವಾರ ಬೆಳಗಿನ ಬಸ್ಸಿನಲ್ಲಿ ಒಂದು ಲಕೋಟೆ ಬರುತ್ತದೆ. ನಿವೃತ್ತ ಡ್ರಾಯಿಂಗ್ ಮಾಸ್ತರು ವಾದಿರಾಜರು ಅದನ್ನು ಒಡೆದು, ಮೊಟ್ಟೆಯ ಬಗ್ಗೆ ಆ ವಾರದ ಸಂಶೋಧನೆ ಏನು ಹೇಳುತ್ತದೋ ಅದನ್ನು ಸೀಮೆಸುಣ್ಣದಲ್ಲಿ ದುಂಡಗೆ ಬರೆಯುತ್ತಾರೆ. ಬರೆದು ಕೈ ಕೊಡವಿದರೆ ಮುಗಿಯಿತು, ಮುಂದಿನ ಸೋಮವಾರದವರೆಗೆ ನಮ್ಮೂರಿನಲ್ಲಿ ಅದೇ ನಿಜ.

ಮೊಟ್ಟೆಯಿಂದ ಎತ್ತರ ಹೆಚ್ಚುತ್ತದೆ ಎಂದು ಬರೆದ ವಾರ ಊರಿನ ಗಂಡಸರೆಲ್ಲ ಪ್ಯಾಂಟಿನ ಕೆಳಗೆ ಗೇಣುದ್ದ ಕಾಲು ತೋರಿಸಿಕೊಂಡು ನನ್ನ ಅಂಗಡಿಗೆ ಬಂದರು. ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ. ಮುಂದಿನ ಸೋಮವಾರ 'ಹಾಗೇನೂ ಇಲ್ಲ' ಎಂದು ಬಂತು, ಅವರೇ ಪ್ಯಾಂಟು ತುಳಿದುಕೊಂಡು ಎಡವುತ್ತ ಮತ್ತೆ ಬಂದರು. ಮೊಟ್ಟೆಯ ಹಳದಿ ಭಾಗ ಕಣ್ಣಿಗೆ ಒಳ್ಳೆಯದು ಎಂದ ವಾರವಂತೂ ನನ್ನ ಶತ್ರುವಿಗೂ ಬೇಡ. ಹೆಂಗಸರು ಬೀದಿಯ ಆ ತುದಿಯಲ್ಲಿ ನಿಂತೇ ನನ್ನ ಹೊಲಿಗೆಯಲ್ಲಿ ಎಲ್ಲೆಲ್ಲಿ ದಾರ ತಪ್ಪಿದೆ ಎಂದು ಕೂಗಿ ಹೇಳಿದರು. 'ತಿಂದವರಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ ಮೈ ತುರಿಕೆ' ಎಂದು ಬಂದಾಗ, ಆ ಹನ್ನೆರಡು ಮಂದಿ ಯಾರಾಗಬೇಕೆಂದು ಜಗಳವೆದ್ದು ಕೊನೆಗೆ ಚೀಟಿ ಎತ್ತಿದೆವು. ಚೀಟಿ ಬಂದವರು ಯಾರಿಗೂ ತೊಂದರೆ ಕೊಡದೆ, ಲೈಟುಕಂಬಗಳಿಗೆ ಬೆನ್ನು ಉಜ್ಜಿಕೊಂಡು ವಾರ ಕಳೆದರು. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ ಬಿಡಿ.

ವಾದಿರಾಜ ಮಾಸ್ತರು ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಬಾಯಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ, 'ಆ ದುಂಡನೆಯದು' ಎನ್ನುತ್ತಾರೆ. ಬರೆಯುವಾಗ ಮಾತ್ರ ಬೇರೆ ದಾರಿಯಿಲ್ಲದೆ ಬರೆದು, ಆಮೇಲೆ ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಳ್ಳುತ್ತಾರೆ. ತಿನ್ನದವರಾದ್ದರಿಂದ ಅದರ ಕಷ್ಟಸುಖ ಅವರಿಗೆ ತಿಳಿಯದು. ಒಮ್ಮೆ 'ದಿನಕ್ಕೆ ಒಂದರಂತೆ ವಾರಕ್ಕೆ ಏಳು ಮೊಟ್ಟೆ ತಿನ್ನಬಹುದು' ಎಂದು ಬಂದದ್ದನ್ನು, ಹಲಗೆಯಲ್ಲಿ ಜಾಗ ಸಾಲದೆಂದು ಚುಟುಕು ಮಾಡಿ, 'ಮೊಟ್ಟೆ ತಿಂದು ವಾರಕ್ಕೆ ಏಳು' ಎಂದು ಬರೆದರು. ಅವತ್ತು ಮಧ್ಯಾಹ್ನ ಮೊಟ್ಟೆ ತಿಂದು ಒಂದು ನಿಮಿಷ ಅಡ್ಡಾಗೋಣವೆಂದು ಮಲಗಿದವರು ಎದ್ದದ್ದು ಮುಂದಿನ ಸೋಮವಾರ. ನಾನೂ ಅವರಲ್ಲೊಬ್ಬ. ಎದ್ದು ನೋಡಿದರೆ ಹೊಲಿಗೆ ಯಂತ್ರದ ಸಂದಿಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು.

ಇಷ್ಟೆಲ್ಲದರ ನಡುವೆ ಆ ಹಲಗೆಯ ನೇರ ಕೆಳಗೆ, ಒಂದು ಉದ್ದನೆಯ ಕಲ್ಲುಚಪ್ಪಡಿಯ ಮೇಲೆ ಬುಟ್ಟಿ ಇಟ್ಟುಕೊಂಡು ಬೇಯಿಸಿದ ಮೊಟ್ಟೆ ಮಾರುವವಳು ನನ್ನ ಸೋದರತ್ತೆ ಓಬಮ್ಮ. ಅಪ್ಪ ಅಮ್ಮ ಇಲ್ಲದ ನನ್ನನ್ನು ಅವಳೇ ಸಾಕಿ ದೊಡ್ಡವನನ್ನಾಗಿ ಮಾಡಿದಳು. ಹಲಗೆ ಒಳ್ಳೆಯದು ಎಂದ ವಾರ ಬುಟ್ಟಿ ಹತ್ತು ಗಂಟೆಗೇ ಖಾಲಿ. ಕೆಟ್ಟದ್ದು ಎಂದ ವಾರ ನೊಣ ಹೊಡೆಯುವುದು. ಆದರೂ ಎಂಥ ಕೆಟ್ಟ ವಾರದಲ್ಲೂ ದಿನಕ್ಕೊಂದು ಬೋಣಿಯಾದರೂ ಆಗುತ್ತಿತ್ತು, ಅದೇ ಮುಖ್ಯ. ನಮ್ಮ ಬಸ್‌ಸ್ಟ್ಯಾಂಡಿನ ಕಟ್ಟಳೆಯ ಪ್ರಕಾರ ಏಳು ದಿನ ಸತತವಾಗಿ ಬೋಣಿಯಾಗದ ಜಾಗ ಎಂಟನೆಯ ದಿನ ಪಕ್ಕದವರಿಗೆ ಸೇರುತ್ತದೆ. ಅತ್ತೆಯ ಪಕ್ಕದವನು ಸೌತೆಕಾಯಿ ಮಾರುವ ಮಲಿಯಪ್ಪ. ಸೌತೆಕಾಯಿಯ ಬಗ್ಗೆ ಯಾರೂ ಸಂಶೋಧನೆ ಮಾಡದ ಕಾರಣ ಅವನದು ನಿಶ್ಚಿಂತೆಯ ಬಾಳು, ಕಣ್ಣು ಮಾತ್ರ ಅತ್ತೆಯ ಕಲ್ಲಿನ ಮೇಲೆ.

ಆ ಕಲ್ಲನ್ನು ಹಳ್ಳದ ದಂಡೆಯಿಂದ ಹೊತ್ತು ತಂದವರು ನಮ್ಮ ಮಾವ ಮತ್ತು ಅವರ ತಮ್ಮ. ಇಬ್ಬರು ಹೆಂಗಸರು ಆರಾಮಾಗಿ ಕೂರಲಿ ಎಂದೇ ಅಷ್ಟು ಉದ್ದದ್ದು ತಂದದ್ದು. ಎರಡನೆಯವಳು ಆ ತಮ್ಮನ ಹೆಂಡತಿ ಫಕೀರವ್ವ, ಅತ್ತೆಯ ಓರಗಿತ್ತಿ. ಉತ್ತರದ ಸೀಮೆಯಿಂದ ಬಂದವಳು. ನಾವು ಮೊಟ್ಟೆ ಎನ್ನುವುದನ್ನು ಆ ಕಡೆಯವರು ತತ್ತಿ ಎನ್ನುತ್ತಾರೆ. ಒಂದೇ ಬುಟ್ಟಿ, ಒಂದೇ ಕಲ್ಲು. ಅತ್ತೆ "ಬಿಸಿ ಮೊಟ್ಟೇ" ಎಂದರೆ ಫಕೀರವ್ವ "ಬಿಸಿ ತತ್ತೀ" ಎಂದು ಜೊತೆಗೆ ಕೂಗುವಳು. ವರ್ಷಗಟ್ಟಲೆ ಹೀಗೆ ನಡೆಯಿತು. ಒಂದು ದಿನ ಬಸ್ಸಿನ ಕಿಟಕಿಯಿಂದ ಯಾರೋ ಪರವೂರಿನವನು ಇವೆರಡೂ ಬೇರೆ ಬೇರೆ ಪದಾರ್ಥವೆಂದು ತಿಳಿದು, "ಎರಡರಲ್ಲಿ ಯಾವುದಮ್ಮಾ ತಾಜಾ?" ಎಂದು ಕೇಳಿದ. ನಮ್ಮ ಅತ್ತೆಗೆ ತಮಾಷೆ ಸದಾ ನಾಲಿಗೆಯ ತುದಿಯಲ್ಲೇ. "ಮೊಟ್ಟೆ ಇವತ್ತಿಂದು ಸ್ವಾಮಿ, ತತ್ತಿ ನಿನ್ನೇದು" ಎಂದುಬಿಟ್ಟಳು.

ಬಸ್ಸಿಗೆ ಬಸ್ಸೇ ನಕ್ಕಿತು. ಫಕೀರವ್ವ ನಗಲಿಲ್ಲ. ಬುಟ್ಟಿಯಲ್ಲಿದ್ದುದರಲ್ಲಿ ಅರ್ಧ ತೆಗೆದು ಉಡಿಗೆ ಹಾಕಿಕೊಂಡು, ಸೇತುವೆ ದಾಟಿ, ಹಳ್ಳದ ಆಚೆ ತನ್ನ ಕಡೆಯವರಿರುವ ಓಣಿಗೆ ಹೋಗಿ ಅಲ್ಲೇ ಅಂಗಡಿ ಹೂಡಿದಳು. ಅದಾಗಿ ಇಪ್ಪತ್ತೆರಡು ವರ್ಷ. ನಡುವೆ ಅಣ್ಣ ತಮ್ಮ ಇಬ್ಬರೂ ತೀರಿಕೊಂಡರು. ಎರಡು ಸಾವಿಗೂ ಇಬ್ಬರೂ ಹೆಂಗಸರು ಬಂದರು, ಅತ್ತರು, ಮಾತಾಡದೆ ಹೋದರು. ಅತ್ತೆ ಇವತ್ತಿಗೂ ಕಲ್ಲಿನ ಅರ್ಧದಲ್ಲಿ ಮಾತ್ರ ಕೂರುತ್ತಾಳೆ. ಯಾಕೆ ಎಂದು ಕೇಳಿದರೆ, "ಆ ಕಡೆ ಬಿಸಿಲು ಬೀಳ್ತದೆ ಕಣ್ಲಾ" ಎನ್ನುತ್ತಾಳೆ. ಬಿಸಿಲು ಎರಡೂ ಕಡೆ ಒಂದೇ ಸಮ ಬೀಳುತ್ತದೆ, ನಾನು ಎದುರಿಗೇ ಕೂತು ನೋಡುವವನಲ್ಲವೇ.

ಒಂದು ವಿಚಿತ್ರವೆಂದರೆ ಹಲಗೆಯ ಮಾತು ಹಳ್ಳದ ಆಚೆ ನಡೆಯುತ್ತಿರಲಿಲ್ಲ. ಇಲ್ಲಿ ನಾವು ಎತ್ತರವಾಗಿ ಗಿಡ್ಡವಾಗಿ ತುರಿಸಿಕೊಂಡು ಒದ್ದಾಡುವಾಗ ಅವರು ತಿಂದು ತೇಗಿ ಹಾಯಾಗಿರುತ್ತಿದ್ದರು. ನೀರಿನ ಗುಣ ಇರಬೇಕು ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

ಹೀಗಿರುವಾಗ ಒಂದು ಸೋಮವಾರ ಬಂದ ಲಕೋಟೆ ಎಂದಿನಂತಿರಲಿಲ್ಲ. ಹೋಳಿಗೆಯಷ್ಟು ದಪ್ಪ, ಮೇಲೆ ಕೆಂಪು ಅರಗಿನ ಮುದ್ರೆ. ಮಾಸ್ತರು ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದರು. "ಇದು ಅಂತಿಮ ವರದಿ. ಇನ್ನು ಮುಂದೆ ವರದಿ ಬರುವುದಿಲ್ಲ. ಆದ್ದರಿಂದ ಸೀಮೆಸುಣ್ಣದಲ್ಲಿ ಬರೆಯದೆ ಪೇಂಟಿನಲ್ಲಿ ಬರೆಯತಕ್ಕದ್ದು." ಇನ್ನು ಮುಂದೆ ವಾರವಾರ ಕೈ ತೊಳೆಯುವುದು ತಪ್ಪಿತೆಂದು ಅವರಿಗೆ ಪರಮ ಸಂತೋಷ. ಡಬ್ಬಿ ತರಿಸಿ, ಅಕ್ಷರಗಳ ಹಿಂದೆ ನೆರಳು ಸಹ ಬಿಟ್ಟು, ಇಡೀ ಹಲಗೆ ತುಂಬುವಂತೆ ಬರೆದರು: 'ಮೊಟ್ಟೆ ಹೃದಯಕ್ಕೆ ಹಾನಿಕರ.'

ಬಸ್‌ಸ್ಟ್ಯಾಂಡು ಗಪ್‌ಚಿಪ್ಪಾಯಿತು. ಏಕೆಂದರೆ ಇದೇ ಮಾತು ಮೂರು ವರ್ಷದ ಹಿಂದೆ ಸೀಮೆಸುಣ್ಣದಲ್ಲಿ ಒಂದು ವಾರ ಇತ್ತು, ಆ ವಾರವನ್ನು ಯಾರೂ ಮರೆತಿರಲಿಲ್ಲ. ಮೊಟ್ಟೆ ತಿಂದವರ ಎದೆ ಹೊರಗೆ ಕೇಳುವಂತೆ ಬಡಿಯಿತು. ಸುಮ್ಮನೆ ಕೂತಿದ್ದರೆ ಪಕ್ಕದವರಿಗೆ ಕೇಳುವಷ್ಟು, ಮನಸ್ಸಿನಲ್ಲಿ ಏನಾದರೂ ಎದ್ದಿತೋ ಬೀದಿಗೆಲ್ಲ ಕೇಳುವ ತಮಟೆ. ನರ್ಸಮ್ಮ ಹಾದುಹೋದಾಗಲೆಲ್ಲ ಅಂಚೆ ಕಚೇರಿಯ ಒಳಗಿನಿಂದ ಪೋಸ್ಟ್‌ಮಾಸ್ತರರ ಎದೆ ಡಬಡಬ ಎಂದಿತು, ಅವರ ಮನೆಯಲ್ಲಿ ನಾಲ್ಕು ದಿನ ಒಲೆ ಉರಿಯಲಿಲ್ಲ. ಹೆಣ್ಣು ನೋಡಲು ಬಂದ ಒಬ್ಬ ವರನ ಎದೆ ಹೆಣ್ಣು ಬಂದಾಗ ಸುಮ್ಮನಿದ್ದು, ಉಪ್ಪಿಟ್ಟು ಬಂದಾಗ ಬಡಿಯಿತು. ನಾನು "ನಿಮ್ಮ ಬಟ್ಟೆ ನಾಳೆ ಖಂಡಿತ ರೆಡಿ" ಎಂದು ಹೇಳುವಾಗಲೆಲ್ಲ ನನ್ನೆದೆಯೇ ನನ್ನ ಮೇಲೆ ಸಾಕ್ಷಿ ಹೇಳಿತು. ದರ್ಜಿಗೆ ಇದಕ್ಕಿಂತ ಅವಮಾನ ಬೇಕೇ? ಒಂದು ವಾರವಾದರೆ ಹಲ್ಲು ಕಚ್ಚಿಕೊಂಡಿರಬಹುದು. ಈಗ ಪೇಂಟು, ಅಂದರೆ ಕೊನೆಯವರೆಗೂ.

ಅತ್ತೆ ತಲೆಯೆತ್ತಿ ಹಲಗೆ ನೋಡಿದಳು. ಅವಳಿಗೆ ಓದು ಬಾರದು. ನಾನು ಓದಿ ಹೇಳಿದೆ. "ಏಳು ದಿನದಲ್ಲಿ ನನ್ನನ್ನ ಎಬ್ಬಿಸ್ತಾರೆ ಅನ್ನು" ಎಂದು ಸೆರಗು ಸರಿಮಾಡಿಕೊಂಡು ಕೂತಳು. ಮಲಿಯಪ್ಪ ತನ್ನ ಸೌತೆಕಾಯಿ ರಾಶಿಯನ್ನು ಒಂದು ಗೇಣು ಈ ಕಡೆ ಸರಿಸಿದ.

ನಾನು ಮಾಸ್ತರರ ಬಳಿ ಹೋಗಿ, ಒಂದು ಅಕ್ಷರವಾದರೂ ಅಳಿಸಿ ಎಂದು ಕೈಮುಗಿದೆ. "ಲಕೋಟೆಯಲ್ಲಿ ಬಂದದ್ದನ್ನು ಅಳಿಸಲಿಕ್ಕೆ ನಾನ್ಯಾರಪ್ಪ? ಸೌತೆಕಾಯಿ ತಿನ್ನಿ, ತಂಪು" ಎಂದರು ಅವರು. ತಿನ್ನದ ಮನುಷ್ಯನ ಮುಂದೆ ನಿಂತು ಫಲವಿಲ್ಲವೆಂದು ಅಂಗಡಿಗೆ ಮರಳಿದೆ.

ಮಾರನೆಯ ದಿನ ಬೆಳಗ್ಗೆ ಒಂದು ಘಟನೆ ನಡೆಯಿತು. ಬಸ್ಸಿನ ಕಂಡಕ್ಟರ್ ಮಾಬುಸಾಬ್ ಉತ್ತರದ ಕಡೆಯವನು. ಹಲಗೆ ಓದುವಷ್ಟು ಪುರುಸೊತ್ತು ಅವನಿಗೆ ಯಾವತ್ತೂ ಇಲ್ಲ. ಇಳಿದವನೇ, "ಯವ್ವಾ, ಎರಡ ತತ್ತಿ ಕೊಡಬೇ" ಎಂದ. ಅತ್ತೆಯ ಬಾಯಿ ತುಂಬ ಎಲೆಅಡಿಕೆ ಇತ್ತು. ಮಾತಾಡದೆ ಎರಡು ಎತ್ತಿಕೊಟ್ಟಳು. ಅವನು ಉಪ್ಪುಖಾರ ಹಚ್ಚಿ ತಿಂದ. ನಾನು ಕತ್ತರಿ ಕೆಳಗಿಟ್ಟು ಕಿವಿ ನಿಮಿರಿಸಿದೆ. ಅದೇ ಹೊತ್ತಿಗೆ ಟಿಕೆಟ್ ತಪಾಸಣೆಯವರು ಜೀಪಿನಿಂದ ಇಳಿದು ಬಸ್ಸು ಹತ್ತಿದರು. ಬಸ್ಸಿನೊಳಗೆ ಮಾಬುಸಾಬನ ಹೆಂಡತಿಯ ತಮ್ಮ ಟಿಕೆಟ್ ಇಲ್ಲದೆ ಕಿಟಕಿ ಪಕ್ಕ ಕೂತಿದ್ದ. ಮಾಬುಸಾಬನ ಮುಖ ಸುಣ್ಣದಂತಾಯಿತು. ಎದೆ ಮಾತ್ರ ಪಿಟ್ಟೆನ್ನಲಿಲ್ಲ. ತಪಾಸಣೆಯವರು ಹೋದ ಮೇಲೆ ನಾನು ಓಡಿ ಹೋಗಿ ಅವನ ಎದೆಗೆ ಕಿವಿ ಇಟ್ಟೆ.

"ಏನ್ ಮಾಡಾಕತ್ತೀರಿ ಟೇಲರ್?" ಎಂದು ಅವನು ಹಿಂದೆ ಸರಿದ.

"ಮಾಬುಸಾಬ್, ನೀವು ಈಗ ಮೊಟ್ಟೆ ತಿಂದಿರಲ್ಲ?"

"ಇಲ್ರಿ. ತತ್ತಿ ತಿಂದೆ."

"ಅದೇ, ಮೊಟ್ಟೆ."

"ಮೊಟ್ಟಿ ಯಾಕ ತಿನ್ಲಿ? ತತ್ತಿ ತಿಂದೀನಿ ಅಂತ ಹೇಳಾಕತ್ತೀನಲ್ರಿ!" ಎಂದು ಅವನು ರೇಗಿ ಸೀಟಿ ಊದಿದ.

ನನಗೆ ಆಗ ಹೊಳೆಯಿತು. ಹಳ್ಳದ ನೀರೂ ಇಲ್ಲ, ಗೀರೂ ಇಲ್ಲ. ಹಲಗೆಯ ಮೇಲೆ ಬರೆದಿರುವುದು ಮೊಟ್ಟೆಯ ಬಗ್ಗೆ. ತತ್ತಿಯ ಬಗ್ಗೆ ಜಗತ್ತಿನಲ್ಲಿ ಯಾರೂ ಒಂದಕ್ಷರ ಸಂಶೋಧನೆ ಮಾಡಿಲ್ಲ. ಕೇಳುವವರು ತತ್ತಿ ಎಂದು ಕೇಳಿ, ಕೊಡುವವಳು ಬಾಯಿ ಮುಚ್ಚಿಕೊಂಡು ಕೊಟ್ಟರೆ, ಅದು ತತ್ತಿಯೇ.

ಅವತ್ತಿನಿಂದ ಅತ್ತೆಗೆ ಎಲೆಅಡಿಕೆ ಪೂರೈಸುವುದೇ ನನ್ನ ಕೆಲಸವಾಯಿತು. ಬಾಯಿ ಖಾಲಿಯಾಗುವ ಸೂಚನೆ ಕಂಡರೆ ಸಾಕು, ಸುಣ್ಣ ಹಚ್ಚಿದ ಎಲೆ ಹಿಡಿದು ರಸ್ತೆ ದಾಟುವೆ. ಗಿರಾಕಿಗಳನ್ನು ನನ್ನ ಅಂಗಡಿಯ ಮುಂದೆ ತಡೆದು, ಅಳತೆ ತೆಗೆಯುವ ನೆಪದಲ್ಲಿ ಕಿವಿಯಲ್ಲಿ ಪಾಠ ಹೇಳುವೆ: "ತತ್ತಿ ಅನ್ನಿ. ಮೆತ್ತಗೆ ಅನ್ನಿ. ಅವಳಿಗೆ ಕೇಳಿಸಬಾರದು." ಎರಡು ದಿನ ಬುಟ್ಟಿ ಖಾಲಿಯಾಯಿತು. ಅತ್ತೆಯ ದವಡೆ ಊದಿಕೊಂಡಿತ್ತು. "ನಿಂಗೇನ್ಲಾ ಇದ್ದಕ್ಕಿದ್ದಂಗೆ ಅತ್ತೆ ಮೇಲೆ ಇಷ್ಟು ಪ್ರೀತಿ?" ಎಂದು ಕೇಳಿದಳು. ನಾನು ಇನ್ನೊಂದು ಎಲೆ ಕೊಟ್ಟೆ.

ಮೂರನೆಯ ದಿನ ಪೋಸ್ಟ್‌ಮಾಸ್ತರರು ಬಂದರು. ಸರ್ಕಾರಿ ಮನುಷ್ಯ, ಮೆತ್ತಗೆ ಮಾತಾಡಿ ಗೊತ್ತಿಲ್ಲ. "ಎರಡು ತತ್ತಿ!" ಎಂದು ಟೆಲಿಗ್ರಾಂ ಓದುವಂತೆ ಕೂಗಿದರು. ಅತ್ತೆ ದವಡೆ ನಿಲ್ಲಿಸಿದಳು. ಗೋಡೆಯ ಬುಡಕ್ಕೆ ಪಿಚಕ್ಕನೆ ಉಗಿದಳು. ಎರಡು ಎತ್ತಿ ಅವರ ಕೈಯಲ್ಲಿಟ್ಟು, "ತಗೊಳ್ಳಿ ಸ್ವಾಮಿ, ಮೊಟ್ಟೆ" ಎಂದಳು. ಹಿಂದಿನ ಎರಡು ದಿನದ ಧೈರ್ಯದಲ್ಲಿ ಅವರು ತಿಂದೇಬಿಟ್ಟರು. ಅಷ್ಟರಲ್ಲಿ ನರ್ಸಮ್ಮ ಕೊಡೆ ಬಿಚ್ಚಿಕೊಂಡು ಆಸ್ಪತ್ರೆಯ ಕಡೆ ಹೊರಟರು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ, ಆ ಸದ್ದಿಗೆ ನನ್ನ ಅಂಗಡಿಯ ಗುಂಡಿ ಡಬ್ಬಿ ಅಲ್ಲಾಡಿತು. ಕೊಡುವವಳ ಮಾತು ಕೊನೆಯ ಮಾತು ಎಂದು ಊರಿಗೆ ಅವತ್ತು ತಿಳಿಯಿತು. ಆಮೇಲೆ ಅತ್ತೆಯ ಬುಟ್ಟಿಯ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ನನಗೆ ಸಿಟ್ಟು ಬಂತು. "ಅತ್ತೆ, ಒಂದು ಮಾತು ಬದಲಿಸಿದರೆ ನಿನ್ನ ಗಂಟೇನು ಹೋಗುತ್ತೆ? ಇಡೀ ಊರು ತತ್ತಿ ಅನ್ನೋದಕ್ಕೆ ತಯಾರಿದೆ. ನಿನ್ನ ಸೊಕ್ಕಿಗೆ ಮಲಿಯಪ್ಪ ಕಲ್ಲು ಹೊಡ್ಕೊಂಡು ಹೋಗ್ತಾನೆ, ನೋಡ್ತಿರು."

ಅವಳು ಬುಟ್ಟಿಯ ಬಟ್ಟೆ ಸರಿಮಾಡಿದಳು.

"ಸೊಕ್ಕಲ್ಲ ಕಣ್ಲಾ ತಿಪ್ಪೇಶಿ. ಆ ಮಾತು ಅವಳದ್ದು. ಒಂದ್ಸಲ ಅದನ್ನ ಬೀದೀಲಿ ನಿಲ್ಸಿ ನಗೆಪಾಟಲು ಮಾಡಿದೀನಿ. ಈಗ ನನ್ನ ಹೊಟ್ಟೆಗೆ ಏಟು ಬಿತ್ತು ಅಂತ ಅದನ್ನೇ ಎತ್ಕೊಂಡು ಮಾರ್ಲಾ? ನಾಚ್ಕೆ ಬ್ಯಾಡ್ವಾ?"

ಇಷ್ಟು ವರ್ಷ ನಾನು ಅದನ್ನು ಹಟವೆಂದೇ ತಿಳಿದಿದ್ದೆ. ಎದುರಿಗೇ ಕೂತು ನೋಡುವವನೆಂಬ ಜಂಬ ನನ್ನದು. ನನ್ನ ಕಣ್ಣಿಗೆ ಬಿದ್ದದ್ದು ಬಿಸಿಲು ಮಾತ್ರ. ನನಗೆ ನಿಜವಾಗಿಯೂ ದುಃಖವಾಯಿತು. ಹೋಗಿ ಮಾತಾಡು ಎಂದರೆ, "ಯಾವ ಮುಖ ಇಟ್ಕೊಂಡು?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಬೋಣಿಯಿಲ್ಲದೆ ಒಂದು ದಿನ ಹೋಯಿತು, ಎರಡು ಹೋಯಿತು, ಐದು ಹೋಯಿತು. ಆರನೆಯ ದಿನ ನಾನು ಅಂಗಡಿ ಮುಚ್ಚಿ ಸೇತುವೆ ದಾಟಿದೆ. ಫಕೀರವ್ವ ತನ್ನ ಕಟ್ಟೆಯ ಮೇಲೆ ಕೂತು ತತ್ತಿಗಳನ್ನು ಒಂದೊಂದಾಗಿ ಒರೆಸಿ ಇಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಿಕ್ಕಂದಿನಲ್ಲಿ ನಾನು ಅವಳನ್ನು ಸಣ್ಣತ್ತೆ ಎಂದು ಕರೆಯುತ್ತಿದ್ದೆ. ಹಾಗೆಯೇ ಕರೆದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ತಿಪ್ಪೇಶಿ ಏನೋ ನೀ? ಎಷ್ಟ ದಪ್ಪ ಆಗೀಯಲ್ಲೋ ತಮ್ಮಾ."

"ಅದು ಹೋದ ತಿಂಗಳ ಹಲಗೆಯದು ಸಣ್ಣತ್ತೆ, ಇನ್ನೂ ಪೂರ್ತಿ ಇಳಿದಿಲ್ಲ" ಎಂದೆ. ಆಮೇಲೆ ಪೇಂಟಿನ ಮಾತು, ಪೋಸ್ಟ್‌ಮಾಸ್ತರರ ಮಾತು, ಏಳು ದಿನದ ಕಟ್ಟಳೆ, ಅತ್ತೆ ಹೇಳಿದ್ದು, ಕಲ್ಲಿನ ಅರ್ಧದ ಬಿಸಿಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಫಕೀರವ್ವ ತತ್ತಿ ಒರೆಸುವುದನ್ನು ನಿಲ್ಲಿಸಲಿಲ್ಲ. ಕೊನೆಯದನ್ನೂ ಒರೆಸಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದಳು.

"ಆಕಿ ಇನ್ನೂ ಅಷ್ಟ ಎಲಿ ಅಡಿಕಿ ತಿಂತಾಳೇನು?"

"ಈಗ ಸ್ವಲ್ಪ ಜಾಸ್ತಿ. ನನ್ನದೇ ತಪ್ಪು."

"ಹಲ್ಲ ಹೋಗ್ತಾವ ಅಂತ ಹೇಳು" ಎಂದು ಒಳಗೆ ಹೋದಳು. ಇಷ್ಟೇ. ನಾನು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದೆ.

ಏಳನೆಯ ದಿನ ಸಂಜೆ ಐದರ ಬಸ್ಸು ಕೊನೆಯದು. ಅದು ಹೋದರೆ ದಿನದ ಲೆಕ್ಕ ಮುಗಿಯಿತು. ನಾಲ್ಕೂವರೆಯ ಹೊತ್ತಿಗೆ ಮಲಿಯಪ್ಪ ಗೋಣಿಚೀಲ ಕೊಡವಿ, ಕಲ್ಲಿನ ಮೇಲೆ ಹಾಸಲು ಸಿದ್ಧವಾಗಿ ಮಡಚಿಟ್ಟುಕೊಂಡಿದ್ದ. ಅತ್ತೆ ಅವನನ್ನೊಮ್ಮೆ ನೋಡಿದಳು. ಬುಟ್ಟಿಗೆ ಕೈ ಹಾಕಿ ಒಂದು ತೆಗೆದಳು. "ನಲವತ್ತು ವರ್ಷ ಊರಿಗೆ ತಿನ್ಸಿದೀನಿ. ಇವತ್ತು ನಂದೊಂದು ಮೊಟ್ಟೆ ನಾನೇ ತಿಂತೀನಿ" ಎಂದು ಸುಲಿದು, ಯಾರಿಗೂ ಅಂಜದೆ ತಿಂದಳು. ತಾನೇ ತಿಂದದ್ದು ಬೋಣಿಯಲ್ಲ ಎಂದು ಮಲಿಯಪ್ಪ ತಕ್ಷಣ ಎಲ್ಲರಿಗೂ ನೆನಪಿಸಿದ. ಅತ್ತೆಯ ಎದೆ ಹಳೆಯ ಗಡಿಯಾರದ ಹಾಗೆ ಮೆತ್ತಗೆ ಕೇಳತೊಡಗಿತು. ಇಷ್ಟು ವರ್ಷ ಅವಳ ಎದೆಯ ಸದ್ದನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷದ ಹಿಂದಿನ ಆ ವಾರದಲ್ಲೂ ಅವಳು ಒಂದನ್ನೂ ಬಾಯಿಗಿಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಡಬ್, ಡಬ್, ಡಬಡಬ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಯ ಕಣ್ಣು ಸೇತುವೆಯ ಕಡೆ ಇತ್ತು. ಸೇತುವೆಯ ಮೇಲೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಫಕೀರವ್ವ ಬರುತ್ತಿದ್ದಳು. ಅವಳು ಒಂದೊಂದು ಹೆಜ್ಜೆ ಹತ್ತಿರವಾದಂತೆ ಅತ್ತೆಯ ಎದೆ ಒಂದೊಂದು ಪಟ್ಟು ಏರಿತು. ಮಾಸ್ತರು ಮನೆಯಿಂದ ಹೊರಗೆ ಬಂದು, ಯಾರ ಮದುವೆ ಎಂದು ಕೇಳಿದರು.

ಫಕೀರವ್ವ ಬುಟ್ಟಿಯ ಮುಂದೆ ಬಂದು ನಿಂತಳು.

"ಏನದು ಸಪ್ಪಳ?"

"ಬಸ್ಸಿಂದು" ಎಂದಳು ಅತ್ತೆ, ತಲೆ ಎತ್ತದೆ.

"ಬಸ್ಸ ಇನ್ನೂ ಬಂದ ಇಲ್ಲಲ್ಲ ಯಕ್ಕಾ."

ಇಪ್ಪತ್ತೆರಡು ವರ್ಷದ ಮೇಲೆ ಯಕ್ಕಾ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಎದೆ ಬಡಿದ ರಭಸಕ್ಕೆ ಛಾವಣಿಯ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಅವಳು ಎರಡೂ ಕೈಯಿಂದ ಎದೆ ಅದುಮಿಕೊಂಡಳು. ಅದು ಕೇಳಬೇಕಲ್ಲ!

"ಒಂದ ಮೊಟ್ಟಿ ಕೊಡು" ಎಂದಳು ಫಕೀರವ್ವ.

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಾಬರಿಯಾದಳು. "ಬ್ಯಾಡ ಕಣೇ. ಹಂಗನ್ಬ್ಯಾಡ. ನಿನ್ನ ಮಾತಲ್ಲೇ ಕೇಳು, ನಾನು ಬಾಯಿ ಮುಚ್ಕೊಂಡು ಕೊಡ್ತೀನಿ. ಇದನ್ನ ತಿಂದ್ರೆ ಎದೇಲಿರೋದೆಲ್ಲಾ ಊರಿಗೆ ಕೇಳ್ತದೆ."

"ಕೇಳ್ಲಿ. ನಿಂದಷ್ಟ ಕೇಳಿದ್ರ ಅದ್ಯಾವ ನ್ಯಾಯ?"

ಫಕೀರವ್ವ ತಾನೇ ಬುಟ್ಟಿಗೆ ಕೈ ಹಾಕಿ ಒಂದು ತೆಗೆದುಕೊಂಡು, ಸೆರಗಿನ ಗಂಟು ಬಿಚ್ಚಿ ನಾಣ್ಯ ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಬೋಣಿಯನ್ನು ಕಣ್ಣಿಗೊತ್ತಿಕೊಂಡಳು, ಆ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು. ಮಲಿಯಪ್ಪ ಗೋಣಿಚೀಲ ಬಿಚ್ಚಿ ಮತ್ತೆ ಸೌತೆಕಾಯಿ ತುಂಬತೊಡಗಿದ. ಫಕೀರವ್ವ ಕಲ್ಲಿನ ಇನ್ನರ್ಧದ ಮೇಲೆ ಕೂತಳು. ಅತ್ತೆ ಸರಿಯಬೇಕಾದ ಅಗತ್ಯವೇ ಬೀಳಲಿಲ್ಲ. ಕೂತು, ಸುಲಿದು, ಉಪ್ಪುಖಾರ ಹಚ್ಚಿ ನಿಧಾನವಾಗಿ ತಿಂದು ಮುಗಿಸಿದಳು. ಕೊನೆಯ ತುತ್ತು ಇಳಿಯುತ್ತಿದ್ದಂತೆ ಅವಳ ಎದೆಯೂ ಶುರುವಾಯಿತು. ಅತ್ತೆಯದಕ್ಕಿಂತ ಜೋರು. ಹೊರಗೆ ಅಷ್ಟು ತಣ್ಣಗಿದ್ದ ಹೆಂಗಸಿನ ಒಳಗೆ ಇಷ್ಟೊಂದು ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಎರಡೂ ಒಂದಕ್ಕೊಂದು ತಾಳ ತಪ್ಪಿ ಬಡಿದವು, ಆಮೇಲೆ ಒಟ್ಟಿಗೆ ಬಡಿದವು. ನನ್ನ ಕಣ್ಣು ತುಂಬಿ ಕೈಯಲ್ಲಿದ್ದ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಅಷ್ಟರಲ್ಲಿ ಐದರ ಬಸ್ಸು ಬಂತು. ಬಸ್ಸು ಕಂಡ ತಕ್ಷಣ ಹಳೆಯ ಅಭ್ಯಾಸದಂತೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಒಬ್ಬಳು "ಬಿಸಿ ಮೊಟ್ಟೇ" ಎಂದಳು, ಇನ್ನೊಬ್ಬಳು "ಬಿಸಿ ತತ್ತೀ" ಎಂದಳು. ಪೆಟ್ಟಿಗೆ ಹಿಡಿದುಕೊಂಡು ಇಳಿದ ಒಬ್ಬ ಪರವೂರಿನವನು ಬುಟ್ಟಿಯ ಮುಂದೆ ನಿಂತು, ಇಬ್ಬರನ್ನೂ ನೋಡಿ, "ಎರಡರಲ್ಲಿ ಯಾವುದಮ್ಮಾ ತಾಜಾ?" ಎಂದು ಕೇಳಿದ.

ನನ್ನ ಕೈಯಿಂದ ಸೂಜಿ ಬಿತ್ತು. ಫಕೀರವ್ವ ನೇರವಾಗಿ ಎದುರಿನ ಗೋಡೆ ನೋಡುತ್ತಿದ್ದಳು. ಅತ್ತೆಯ ಎದೆ ಬಡಿಯುವುದು ಬಸ್ಸಿನ ಇಂಜಿನಿನ ಮೇಲೂ ಕೇಳುತ್ತಿತ್ತು.

"ತತ್ತಿ ಇವತ್ತಿಂದು ಸ್ವಾಮಿ" ಎಂದಳು ಅತ್ತೆ. "ಮೊಟ್ಟೆ ನಿನ್ನೇದು."

ಹಾಗೆಂದದ್ದೇ ತಡ, ಅವಳ ಎದೆಯ ಸದ್ದು ಇಳಿದು ಇಳಿದು, ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳುವಷ್ಟಾಯಿತು. ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆಂದು ನಾವು ತಿಳಿದೆವು, ಅವಳು ನಗುತ್ತಿದ್ದಳು.

"ಸುಳ್ಳ ಹೇಳ್ತಾಳ್ರೀ ಸಾಹೇಬ್ರ!" ಎಂದು ಅವಳು ಗಟ್ಟಿಯಾಗಿ ಕೂಗಿದಳು. "ಏಳ ದಿನ ಬೋಣಿ ಆಗಿಲ್ಲ ಈಕೀದು. ಎರಡೂ ನಿನ್ನಿವ!"

ಬಸ್ಸಿಗೆ ಬಸ್ಸೇ ನಕ್ಕಿತು. ಪರವೂರಿನವನು ಒಂದೂ ಅರ್ಥವಾಗದೆ ಇಬ್ಬರನ್ನೂ ಮಿಕಿಮಿಕಿ ನೋಡಿ, ಮಲಿಯಪ್ಪನ ಹತ್ತಿರ ಹೋಗಿ ಒಂದು ಸೌತೆಕಾಯಿ ಕೊಂಡು ತಿಂದ.